ತರಗುಬೆಂಕಿಯೋ, ಕಾಡ್ಗಿಚ್ಚೋ?

ಚಾಮರಾಜನಗರ ಸೀಮೆಯ ಬೆಟ್ಟಗಳಲ್ಲಿ ಸೋಲಿಗರ ಸಂಘದ ಸಭೆ ಸೇರಿತೆಂದರೆ ಅಲ್ಲಿ ಮೂರು ಭಾಷೆಗಳಿಗೆ ಕೆಲಸವುಂಟು. ಹಿರಿಯರು ಮಾತನಾಡುವುದು ಸೋಲಿಗ ನುಡಿಯಲ್ಲಿ. ನಡವಳಿ ಪುಸ್ತಕ ತುಂಬುವುದು ಕನ್ನಡದಲ್ಲಿ. ದೂರದ ಧನಸಹಾಯಕರಿಗೆ ವರದಿ ಹೋಗುವುದು ಇಂಗ್ಲಿಷಿನಲ್ಲಿ. ಈ ಪಯಣದಲ್ಲಿ ಮಾತು ಎಲ್ಲಿ ಸೋರಿಹೋಗುತ್ತದೆ?

ಒಂದೇ ಪದವನ್ನು ನೋಡೋಣ. ಬೇಸಗೆ ಬಲಿಯುವ ಮೊದಲು, ಜನವರಿ–ಫೆಬ್ರವರಿಯ ಹೊತ್ತಿಗೆ, ಉದುರಿದ ಎಲೆಗೆ ಸಣ್ಣದಾಗಿ ಬೆಂಕಿಯಿಡುವುದು ಸೋಲಿಗರ ಹಳೆಯ ರೂಢಿಯಾಗಿತ್ತು. ಅದರ ಹೆಸರು ‘ತರಗುಬೆಂಕಿ’. ಆ ಬೆಂಕಿ ಮರದ ತಲೆಗೇರದು. ನೆಲ್ಲಿಮರವನ್ನು ಹೀರುವ ‘ಉಪ್ಪಿಲು’ ಎಂಬ ಬಂದಣಿಕೆಯೂ ಲಾಂಟಾನದ ಪೊದೆಯೂ ಅದರಿಂದ ಹತೋಟಿಯಲ್ಲಿರುತ್ತಿದ್ದುವು ಎಂಬುದು ಹಿರಿಯರ ಅನುಭವ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾದ ಮೇಲೆ ಈ ರೂಢಿಗೆ ತಡೆಬಿದ್ದಿತು. ಈಗ ಸಭೆಯಲ್ಲಿ ಮುದುಕನೊಬ್ಬ ಅದನ್ನು ನೆನೆದನೆನ್ನಿ. ಬರೆದುಕೊಳ್ಳುವವನು ‘ಕಾಡ್ಗಿಚ್ಚು’ ಎಂದು ಬರೆದನೆನ್ನಿ. ಕಾಡಿನ ಆರೈಕೆಯ ಮಾತನಾಡಿದವನು ಕಾಗದದ ಮೇಲೆ ಅಪರಾಧಿ!

ಕೆನಡಾದಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಭಾಷೆಗಳಿಗೆ 1969ರ ಕಾಯಿದೆಯ ಬೆಂಬಲವಿದೆ; ಎರಡಕ್ಕೂ ನಿಘಂಟುಗಳಿವೆ, ಶಾಲೆಗಳಿವೆ. ಒಂದು ಬಲ್ಲವನಿಗೆ ಇನ್ನೊಂದು ತಾನಾಗಿ ತಿಳಿಯದೆಂಬುದು ಎಲ್ಲರಿಗೂ ಗೊತ್ತು, ಆದ್ದರಿಂದಲೇ ದುಭಾಷಿಯನ್ನು ಕರೆಯುತ್ತಾರೆ. ಸೋಲಿಗ ನುಡಿಗೆ ಸ್ವಂತ ಲಿಪಿಯಿಲ್ಲ. ಮೇಲಾಗಿ ಅದು ಕನ್ನಡಕ್ಕೆ ತೀರ ಹತ್ತಿರ. ಈ ಹತ್ತಿರವೇ ತೊಡಕು. ಕೇಳಿದವನು ಅರ್ಥವಾಯಿತೆಂದುಕೊಳ್ಳುತ್ತಾನೆ, ದುಭಾಷಿಯ ನೆನಪೇ ಬಾರದು. ಸೋಲಿಗರ ನೆಲೆ ‘ಪೋಡು’. ಕಂದಾಯದವರ ಬಾಯಲ್ಲಿ ‘ಪೋಡಿ’ ಎಂದರೆ ಸರ್ವೆ ನಂಬರಿನ ವಿಭಾಗ. ಒಂದು ಗುಣಿಸಿನಲ್ಲಿ ಊರೇ ಜಮೀನಿನ ತುಂಡಾಗಬಲ್ಲದು.

ಇದು ಬರಿಯ ಪಂಡಿತರ ಜಿಜ್ಞಾಸೆಯಲ್ಲ. 2006ರ ಅರಣ್ಯಹಕ್ಕು ಕಾಯಿದೆಯ ನಿಯಮಗಳಂತೆ, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯೂ ಸಾಕ್ಷ್ಯವಾಗುತ್ತದೆ. ಆದರೆ ಅದನ್ನು ಬರೆದಿಟ್ಟಿರಬೇಕು. ಬರೆದವನು ಹಿಡಿದ ಅರ್ಥವೇ ಕಡತದಲ್ಲಿ ಉಳಿಯುವುದು. ಸೋಲಿಗ ಹಿರಿಯರು ಸಂಶೋಧಕರೊಡನೆ ಕಾಡು ಸುತ್ತಿ ತಮ್ಮ ಪೂಜಾತಾಣಗಳ ನಕ್ಷೆ ಮಾಡಿಸಿದಾಗ ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ತಮ್ಮ ಹೆಸರುಗಳನ್ನೇ ಉಳಿಸಿಕೊಂಡರು. ಜಾಣತನದ ಕೆಲಸ. 2011ರಲ್ಲಿ ಅವರಿಗೆ ಸಾಮುದಾಯಿಕ ಅರಣ್ಯಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು.

ಗುಂಡ್ಲುಪೇಟೆಯ ಕಡೆ ಬಂದರೆ ಸಂಗತಿ ಇನ್ನೂ ಸಿಕ್ಕುಸಿಕ್ಕು. ಬಂಡೀಪುರದ ಅಂಚಿನಲ್ಲಿ ಸೋಲಿಗರೊಡನೆ ಜೇನುಕುರುಬರೂ ಬೆಟ್ಟಕುರುಬರೂ ಇದ್ದಾರೆ. ಗಡಿಯಾಚೆ ಒಂದೆಡೆ ತಮಿಳು, ಇನ್ನೊಂದೆಡೆ ಮಲಯಾಳ. ಎಲ್ಲರೂ ಕೂಡುವ ಕಡೆ ಕನ್ನಡವೇ ಗತಿ. ಕನ್ನಡ ಸರಾಗವಾಗಿ ಬಲ್ಲ ಯುವಕ ಉಳಿದವರ ಪರವಾಗಿಯೂ ಮಾತನಾಡಿಬಿಡುತ್ತಾನೆ. ಕಾಡು ಬಲ್ಲ ಅಜ್ಜಿ ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತಾಳೆ. ಸಭೆ ಎಷ್ಟು ಬೇಗ ಮುಗಿಯಿತೆಂದು ಕಾರ್ಯದರ್ಶಿಗೆ ಸಂತೋಷ!

ಉಪಾಯಕ್ಕೆ ಹೆಚ್ಚಿನ ಹಣವೇನೂ ಬೇಡ. ಮೂಲಪದವನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದು ಪಕ್ಕದಲ್ಲಿ ಅರ್ಥ ಕೊಡಬಹುದು. ಹೆಬ್ಬೆಟ್ಟು ಒತ್ತಿಸುವ ಮುನ್ನ ನಡವಳಿಯನ್ನು ಸೋಲಿಗ ನುಡಿಯಲ್ಲಿ ಓದಿಹೇಳಬಹುದು. ಅರ್ಧ ಗಂಟೆ ಹೆಚ್ಚಾದೀತು, ಅಷ್ಟೆ.

ಡಾ. ಎಚ್. ಸುದರ್ಶನ್ 1981ರಲ್ಲಿ ಬೆಟ್ಟದ ಮೇಲೆ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಿಂದಾಗಿ ಪೋಡಿನ ಮಕ್ಕಳ ಕೈಗೂ ಲೇಖನಿ ಬಂದಿತು. ಸೋಲಿಗರಲ್ಲೇ ಹುಟ್ಟಿ ಡಾಕ್ಟರೇಟ್ ಪಡೆದ ಸಿ. ಮಾದೇಗೌಡರಂಥವರು ತಮ್ಮ ಜನದ ಕಾಡಿನ ಅರಿವನ್ನು ವಿದ್ವತ್ ಲೋಕಕ್ಕೂ ಮುಟ್ಟಿಸಿದ್ದಾರೆ. ಆದರೆ ಶಾಲೆಯ ಕನ್ನಡದಲ್ಲೇ ಬೆಳೆದ ಹುಡುಗ ಇಂದು ನಡವಳಿ ಬರೆಯಲು ಕುಳಿತರೆ, ‘ಉಪ್ಪಿಲು’ ಎಂದರೇನೆಂದು ಅಜ್ಜನನ್ನೇ ಕೇಳಬೇಕಾದೀತು.