ಆಲ್ಬಮ್ಮಿಗೆ ಬಂದ ಮುಖಗಳು

ಉದ್ಯೋಗಸ್ಥರ ಸಂಪರ್ಕ ತಾಣವಾದ ಲಿಂಕ್ಡ್‌ಇನ್‌ನಲ್ಲಿ ಕಂಡ ಭಾವಚಿತ್ರವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವವರಿದ್ದಾರೆ. ಮುಖಗಳನ್ನು ಕೂಡಿಡುವ ಈ ಗೀಳು ಹಳೆಯದೇ. 1854ರಲ್ಲಿ ಪ್ಯಾರಿಸ್ಸಿನ ಛಾಯಾಗ್ರಾಹಕ ಡಿಸ್ಡೇರಿ, ಒಂದೇ ಗಾಜಿನ ಫಲಕದಲ್ಲಿ ಹಲವು ಚಿತ್ರ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಭಾವಚಿತ್ರ ಅಗ್ಗವಾಯಿತು. ವಿಸಿಟಿಂಗ್ ಕಾರ್ಡಿನ ಗಾತ್ರದ ಆ ಚಿತ್ರಗಳನ್ನು ಜನ ಪರಸ್ಪರ ಕೊಟ್ಟು ಪಡೆದು ಆಲ್ಬಮ್ಮಿನಲ್ಲಿ ಜೋಡಿಸತೊಡಗಿದರು. ಇಂಗ್ಲೆಂಡಿನ ಮನೆಗಳಲ್ಲಿ ಬಂಧುಗಳ ಪಕ್ಕದಲ್ಲೇ ಅಂಗಡಿಯಿಂದ ಕೊಂಡ ವಿಕ್ಟೋರಿಯಾ ರಾಣಿಯೂ ಇರುತ್ತಿದ್ದಳು! ಸ್ವತಃ ರಾಣಿಯೂ ಇಂಥ ಚಿತ್ರಗಳ ಸಂಗ್ರಾಹಕಿ.

ಆದರೆ ಸಾಮಾನ್ಯರ ಚಿತ್ರ ಬೇಕಿದ್ದರೆ ಅವರನ್ನೇ ಕೇಳಬೇಕಿತ್ತು. ಲಿಂಕ್ಡ್‌ಇನ್‌ನಲ್ಲಿ ಕೆಲಸ ಹುಡುಕಲೆಂದು ಹಾಕಿದ ಚಿತ್ರವನ್ನು ಅಪರಿಚಿತನೊಬ್ಬ ಇಳಿಸಿಕೊಂಡರೆ ಹಾಕಿದವರಿಗೆ ಸುಳಿವೇ ಹತ್ತದು. ಚಿತ್ರ ಯಾರಿಗೆ ಕಾಣಬೇಕೆಂದು ನಿರ್ಧರಿಸುವ ಸೌಲಭ್ಯವೇನೋ ಅಲ್ಲುಂಟು. ಈಗಾಗಲೇ ಬೇರೆಯವರ ಕೈಸೇರಿದ ಪ್ರತಿಗೆ ಅದು ಅನ್ವಯಿಸುವುದಿಲ್ಲ.