ಈಜುಕೊಳದ ನೀರು ಬೆಳ್ಳಗಾದರೆ ಖಾಲಿ ಮಾಡಬೇಕಿಲ್ಲ

ಬೇಸಿಗೆ ರಜೆ ಶುರುವಾಯಿತೆಂದರೆ ಅಪಾರ್ಟ್‌ಮೆಂಟಿನ ಈಜುಕೊಳಕ್ಕೆ ಬಿಡುವೇ ಇರುವುದಿಲ್ಲ. ಬೆಳಗ್ಗೆ ಹಿರಿಯರು, ಹತ್ತರ ನಂತರ ಮಕ್ಕಳ ಸೈನ್ಯ. ಎರಡು ವಾರ ಕಳೆಯುವಷ್ಟರಲ್ಲಿ ತಿಳಿನೀರು ಮಂಕಾಗಿ, ಕೊನೆಗೆ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗುತ್ತದೆ. ನೋಡೋಕೆ ಚೆನ್ನಾಗಿಲ್ಲ, ಅಷ್ಟೇ ತಾನೇ ಅಂದುಕೊಳ್ಳಬೇಡಿ. ತಳ ಕಾಣದ ಕೊಳದಲ್ಲಿ ಮಗು ಮುಳುಗಿದರೆ ದಡದಲ್ಲಿ ನಿಂತವರಿಗೂ ಗೊತ್ತಾಗುವುದಿಲ್ಲ. ಅತಿ ಆಳವಿರುವ ಕಡೆಯ ತಳದ ಜಾಲರಿ ಮೇಲಿನಿಂದ ಸ್ಪಷ್ಟವಾಗಿ ಕಾಣದಿದ್ದರೆ ಮೊದಲು ಕೊಳದ ಗೇಟಿಗೆ ಬೀಗ ಹಾಕಿ. ಉಳಿದದ್ದೆಲ್ಲ ಆಮೇಲೆ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ನಿವಾಸಿಗಳ ಸಂಘದಲ್ಲಿ ಕೊಳದ ಉಸ್ತುವಾರಿ ನನ್ನದು. ಕಳೆದ ಏಪ್ರಿಲ್‌ನಲ್ಲಿ ನೀರು ಬೆಳ್ಳಗಾದಾಗ ನಿರ್ವಹಣೆಯವರ ಬಳಿ ಎರಡೇ ಉಪಾಯ ಇದ್ದವು. "ಮೇಡಂ, ಇನ್ನೊಂದೆರಡು ಕೆ.ಜಿ. ಕ್ಲೋರಿನ್ ಪುಡಿ ಹಾಕೋಣ. ಆಗ್ಲಿಲ್ಲ ಅಂದ್ರೆ ಖಾಲಿ ಮಾಡಿ ಟ್ಯಾಂಕರ್ ತರಿಸಿಬಿಡಿ." ನಮ್ಮ ಕೊಳ 12 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳ. ಅಂದರೆ 86,400 ಲೀಟರ್ ನೀರು, 12,000 ಲೀಟರಿನ ಏಳಕ್ಕೂ ಹೆಚ್ಚು ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿದ್ದು ನೆನಪಿರಬಹುದು. ಅಂಥ ಊರಿನಲ್ಲಿ ಇಷ್ಟು ನೀರನ್ನು ಚರಂಡಿಗೆ ಬಿಡಲು ಮನಸ್ಸು ಬರಲಿಲ್ಲ.

ಬಗ್ ಎಲ್ಲಿದೆ ಅಂತ ನೋಡದೆ ಕೋಡ್ ಬದಲಿಸುವವರನ್ನು ನಮ್ಮ ಆಫೀಸಿನಲ್ಲಿ ಯಾರೂ ಮೆಚ್ಚುವುದಿಲ್ಲ. ನೀರಿಗೂ ಅದೇ ನ್ಯಾಯ. ಪರೀಕ್ಷೆ ಮೊದಲು, ಔಷಧ ಆಮೇಲೆ.

ಕ್ಲೋರಿನ್ ಇದ್ದರೂ ಸಾಲದೇಕೆ?

ಟೆಸ್ಟ್ ಕಿಟ್‌ನಲ್ಲಿ ನೋಡಿದಾಗ ಕ್ಲೋರಿನ್ ಇತ್ತು. ಆದರೆ ಪಿಎಚ್ 8.2 ಇತ್ತು. ಇರಬೇಕಾದದ್ದು 7.2ರಿಂದ 7.8. ನೀರಿನಲ್ಲಿ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ: ರೋಗಾಣುಗಳನ್ನು ಬೇಗ ಕೊಲ್ಲುವ ಹೈಪೋಕ್ಲೋರಸ್ ಆಮ್ಲ ಒಂದು, ಸೋಮಾರಿಯಾದ ಹೈಪೋಕ್ಲೋರೈಟ್ ಇನ್ನೊಂದು. ಪಿಎಚ್ 7.2 ಇದ್ದಾಗ ಸುಮಾರು ಮೂರರಲ್ಲಿ ಎರಡು ಪಾಲು ಚುರುಕಾದ ರೂಪದಲ್ಲಿರುತ್ತದೆ. 8.2ಕ್ಕೆ ಹೋದರೆ ಐದರಲ್ಲಿ ಒಂದು ಪಾಲೂ ಇರುವುದಿಲ್ಲ.

ಇನ್ನೊಂದು ತೊಂದರೆ ನಮ್ಮ ಬೋರ್‌ವೆಲ್ ನೀರಿನದು. ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವ ಸುಣ್ಣದ ಅಂಶವೇ, ಪಿಎಚ್ ಏರಿದಾಗ ಕೊಳದಲ್ಲಿ ಸಣ್ಣ ಕಣಗಳಾಗಿ ತೇಲುತ್ತದೆ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ ಸುರಿದಷ್ಟೂ ಅದೇ ಸುಣ್ಣ ಇನ್ನಷ್ಟು ಸೇರುತ್ತದೆ. ಹೀಗಾಗಿ ಕ್ಲೋರಿನ್ ಹಾಕಿದ ಹಾಗೆಲ್ಲ ನಮ್ಮ ಕೊಳ ಇನ್ನೂ ಬೆಳ್ಳಗಾಗುತ್ತಿತ್ತು.

ಕ್ರಮ ತಪ್ಪಬಾರದು

ಮೊದಲು ನೋಡಬೇಕಾದದ್ದು ಕ್ಷಾರೀಯತೆ, ಅಂದರೆ ಪಿಎಚ್ ಅಲುಗಾಡದಂತೆ ಹಿಡಿದಿಡುವ ಗುಣ. 80ರಿಂದ 120 ಪಿಪಿಎಂ ಇದ್ದರೆ ಒಳ್ಳೆಯದು. ಕಡಿಮೆಯಿದ್ದರೆ ಅಡುಗೆ ಸೋಡಾ ಸಾಕು. ನಮ್ಮಲ್ಲಿ ಅದೂ ಹೆಚ್ಚಾಗಿತ್ತು. ಹೈಡ್ರೋಕ್ಲೋರಿಕ್ ಆ್ಯಸಿಡ್ ಎರಡನ್ನೂ ಇಳಿಸುತ್ತದೆ. ಲೆಕ್ಕ ಹಾಕಿದ ಪ್ರಮಾಣದ ಅರ್ಧವನ್ನಷ್ಟೇ ಮೊದಲು ಹಾಕಿಸಿ, ಪಂಪ್ ಓಡಿಸಿ, ನಾಲ್ಕು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿದೆವು. ನೀರಿಗೆ ಆ್ಯಸಿಡ್ ಸೇರಿಸಬೇಕು, ಆ್ಯಸಿಡ್‌ಗೆ ನೀರು ಸುರಿಯಬಾರದು. ಆ್ಯಸಿಡ್ ಮುಟ್ಟಿದ ಬಕೆಟ್‌ನಲ್ಲಿ ಕ್ಲೋರಿನ್ ಬೆರೆಸಿದರೆ ವಿಷಾನಿಲ ಏಳುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಕೆಲಸದವರನ್ನು ಇದಕ್ಕೆ ಕಳಿಸಲೇಬೇಡಿ.

ಪಿಎಚ್ 7.4ಕ್ಕೆ ಬಂದ ಮೇಲೆ ಕ್ಲೋರಿನ್ ಸರದಿ. ಬಿಸಿಲು ಕ್ಲೋರಿನ್ನನ್ನು ಒಡೆಯುತ್ತದೆ, ಹಾಗಾಗಿ ಸೂರ್ಯ ಮುಳುಗಿದ ಮೇಲೆ ಹಾಕಬೇಕು. ಸುಣ್ಣ ಸೇರಬಾರದೆಂದು ಪುಡಿ ಬಿಟ್ಟು ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ಆರಿಸಿದೆವು. 86,400 ಲೀಟರಿಗೆ 10 ಪಿಪಿಎಂ ಏರಿಸಲು ಬೇಕಾದ ಕ್ಲೋರಿನ್ 864 ಗ್ರಾಂ. ಶೇ 10ರ ದ್ರಾವಣದಲ್ಲಿ ಅದು ಸುಮಾರು ಎಂಟೂವರೆ ಲೀಟರ್. ಕೊಳದ ಬಳಿ ಮೂಗಿಗೆ ಬಡಿಯುವ ಘಾಟು ಕ್ಲೋರಿನ್ ಹೆಚ್ಚಾದದ್ದರಿಂದ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಅದು ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮಿನ್‌ನದು. ಈ ದೊಡ್ಡ ಡೋಸ್‌ನಿಂದ ಅದೂ ಒಡೆದುಹೋಗುತ್ತದೆ. ಕ್ಲೋರಿನ್ 3 ಪಿಪಿಎಂಗೆ ಇಳಿಯುವವರೆಗೆ ಯಾರೂ ನೀರಿಗಿಳಿಯುವಂತಿಲ್ಲ.

ಇಷ್ಟಾದರೂ ಕಣಗಳನ್ನು ಹಿಡಿಯಬೇಕಾದದ್ದು ಮರಳಿನ ಫಿಲ್ಟರ್. ಹಗಲು ರಾತ್ರಿ ಓಡಿಸಿದೆವು. ಒತ್ತಡದ ಮೀಟರ್ ಮಾಮೂಲಿಗಿಂತ 8ರಿಂದ 10 ಪಿಎಸ್‌ಐ ಏರಿದಾಗೆಲ್ಲ ಬ್ಯಾಕ್‌ವಾಶ್. ಉಳಿದ ಮಬ್ಬಿಗೆ ಅಜ್ಜಿಯರ ಕಾಲದ ಮದ್ದು, ಪಟಿಕ. ಕೆಂಪು ನೀರಿನ ಕೊಡಕ್ಕೆ ಪಟಿಕ ತಿರುವುತ್ತಿದ್ದರಲ್ಲ, ಅದೇ. ಮೂರನೇ ಸಂಜೆ ಪಟಿಕ ಕರಗಿಸಿ ಹಾಕಿ, ರಾತ್ರಿಯಿಡೀ ಪಂಪ್ ನಿಲ್ಲಿಸಿದೆವು. ಬೆಳಗ್ಗೆ ತಳದಲ್ಲಿ ಕುಳಿತ ಕೆಸರನ್ನು ಫಿಲ್ಟರಿಗೆ ಬಿಡದೆ ವ್ಯಾಕ್ಯೂಮ್ ಮಾಡಿ ನೇರ ಹೊರಗೆ ಹಾಕಿಸಿದೆವು. ಜಾಲರಿಯ ಸ್ಕ್ರೂಗಳೂ ಕಾಣತೊಡಗಿದವು. ಬ್ಯಾಕ್‌ವಾಶ್‌ಗೆ, ಕೆಸರಿಗೆ ಹೋದ ಸ್ವಲ್ಪ ನೀರು ಬಿಟ್ಟರೆ ಉಳಿದದ್ದೆಲ್ಲ ಕೊಳದಲ್ಲೇ ಇತ್ತು.

ಮತ್ತೆ ಮಂಕಾಗದಿರಲು

ಈಗ ದಿನಕ್ಕೆರಡು ಸಲ ಪಿಎಚ್ ಮತ್ತು ಕ್ಲೋರಿನ್ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಐದು ನಿಮಿಷದ ಕೆಲಸ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಮಕ್ಕಳು ಮೊದಲು ಸ್ನಾನ ಮಾಡಿ ಬರಬೇಕು, ಎಣ್ಣೆ ಫಿಲ್ಟರಿನ ಮರಳನ್ನು ಕಟ್ಟಿಸುತ್ತದೆ. ಆವಿಯಾದ ನೀರಿನ ಬದಲಿಗೆ ಬೋರ್‌ವೆಲ್ ನೀರಿನ ಜೊತೆ, ಶೋಧಿಸಿದ ಮಳೆನೀರು ಸಿಕ್ಕಾಗ ಅದನ್ನೂ ಸೇರಿಸುತ್ತೇವೆ. ಅದರಲ್ಲಿ ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ.

ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಕೊಳವಿದ್ದರೆ ಈ ವಾರ ಒಮ್ಮೆ ಹೋಗಿ ಆ ಪುಸ್ತಕ ಕೇಳಿ ನೋಡಿ. ಪುಸ್ತಕವೇ ಇಲ್ಲ ಅಂದರೆ, ಮಕ್ಕಳನ್ನು ನೀರಿಗಿಳಿಸುವ ಮುನ್ನ ಒಂದು ಟೆಸ್ಟ್ ಕಿಟ್ ತರಿಸಿ.