ನಾಡಿ ತಪ್ಪುತ್ತಿದ್ದರೆ ನಿರ್ಲಕ್ಷ್ಯ ಬೇಡ



ಎದೆ ಇದ್ದಕ್ಕಿದ್ದಂತೆ ಡವಡವ ಎನ್ನುವುದು, ಬಡಿತ ನಡುನಡುವೆ ತಪ್ಪಿದಂತಾಗುವುದು, ತೋಟದ ಏರು ಹತ್ತುವಾಗ ತಲೆ ತಿರುಗುವುದು. ಮೂಡಿಗೆರೆ, ಕಳಸದ ಕಡೆ ನಾವು ಇದನ್ನು ‘ಗ್ಯಾಸ್’ ಎಂದೋ ‘ಸುಸ್ತು’ ಎಂದೋ ತಳ್ಳಿಹಾಕುವುದೇ ಹೆಚ್ಚು.

ಸಅದ್ ಬಿನ್ ಅಬೀ ವಕ್ಕಾಸ್(ರ) ಅನಾರೋಗ್ಯದಿಂದಿದ್ದಾಗ ಪ್ರವಾದಿ(ಸ)ರವರು ಬಂದು ಅವರ ಎದೆಯ ಮೇಲೆ ಕೈಯಿಟ್ಟರು. ಇದು ಹೃದಯದ ಕಾಯಿಲೆಯೆಂದು ತಿಳಿಸಿ, ವೈದ್ಯ ಹಾರಿಸ್ ಬಿನ್ ಕಲದಾರ ಬಳಿಗೆ ಹೋಗಲು ಹೇಳಿದರೆಂದು ಸುನನ್ ಅಬೂದಾವೂದ್‌ನಲ್ಲಿ ವರದಿಯಾಗಿದೆ. ಆದ್ದರಿಂದ ವೈದ್ಯರ ಬಳಿ ಹೋಗುವುದು ತವಕ್ಕುಲ್‌ಗೆ ವಿರುದ್ಧವಲ್ಲ, ಅದರ ಭಾಗ.

ವಿಶ್ರಾಂತಿಯಲ್ಲಿರುವ ದೊಡ್ಡವರ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100. ಅಪರೂಪಕ್ಕೆ ಒಂದು ಬಡಿತ ತಪ್ಪಿದರೆ ಹೆಚ್ಚಿನವರಿಗೆ ಅಪಾಯವಿಲ್ಲ. ಆದರೆ ‘ಏಟ್ರಿಯಲ್ ಫಿಬ್ರಿಲೇಶನ್’ ಎಂಬ ಸ್ಥಿತಿಯಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಬರೀ ಅದುರುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಈ ಸ್ಥಿತಿಯಿರುವವರಿಗೆ ಅದರ ಅಪಾಯ ಸುಮಾರು 5 ಪಟ್ಟು ಹೆಚ್ಚು. ಬಿ.ಪಿ., ಥೈರಾಯ್ಡ್ ತೊಂದರೆ, ಬಾಲ್ಯದ ಕೀಲುಜ್ವರದಿಂದ ಕೆಟ್ಟ ಕವಾಟ ಇದಕ್ಕೆ ಕಾರಣವಾಗಬಹುದು. ನಮ್ಮ ಬೆಟ್ಟದ ಕಾಫಿಯನ್ನು ಮಿತವಾಗಿ ಕುಡಿದರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಕುಡಿದಾಗಲೆಲ್ಲ ಎದೆ ಹೊಡೆದುಕೊಳ್ಳುವವರು ಕಡಿಮೆ ಮಾಡಲಿ.

ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿರಿ. ಲಯ ಏರುಪೇರಾಗಿದ್ದರೆ ದಿನ, ಸಮಯ, ಎಣಿಕೆ ಬರೆದಿಡಿ. ಘಾಟಿ ಇಳಿದು ಮಂಗಳೂರು ತಲುಪುವಷ್ಟರಲ್ಲಿ ಬಡಿತ ಸರಿಹೋಗಿ, ಇಸಿಜಿಯಲ್ಲಿ ಏನೂ ಕಾಣದಿರಬಹುದು. ಆದ್ದರಿಂದ ಎದೆ ಹೊಡೆದುಕೊಳ್ಳುತ್ತಿರುವಾಗಲೇ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸುವುದು ಉತ್ತಮ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್ಆ್ಯಪ್‌ನಲ್ಲಿ ಸಲಹೆ ನೀಡುವ ವ್ಯವಸ್ಥೆ ಕಟ್ಟಿದ್ದು ಇಂಥ ದೂರದ ಊರುಗಳಿಗಾಗಿಯೇ.

ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದರೆ, ‘ಈಗ ಆರಾಮ’ ಎಂದು ನಾವಾಗಿಯೇ ನಿಲ್ಲಿಸಬಾರದು. ವಾರ್ಫರಿನ್ ತಿನ್ನುವವರು ಐ.ಎನ್.ಆರ್. ರಕ್ತಪರೀಕ್ಷೆ ತಪ್ಪಿಸಬಾರದು. ಈ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹಿಜಾಮಾ ಮಾಡಿಸಿಕೊಳ್ಳಬೇಡಿ, ರಕ್ತ ನಿಲ್ಲದಿರಬಹುದು. ಹಿಜಾಮಾ ಸುನ್ನತ್ ನಿಜ, ಆದರೆ ಜೀವ ಉಳಿಸಿಕೊಳ್ಳುವುದು ನಮ್ಮ ಮೇಲಿನ ಹೊಣೆ. ಕರಿಜೀರಿಗೆ ಎಣ್ಣೆ, ನಾಟಿ ಮದ್ದು ಬಳಸುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.

ರಮಝಾನ್ ಬರುವ ಮೊದಲೇ ವೈದ್ಯರನ್ನು ಕಾಣಿರಿ. ಮಾತ್ರೆಯನ್ನು ಸಹರಿ, ಇಫ್ತಾರ್‌ಗೆ ಹೊಂದಿಸಬಹುದೇ ಎಂದು ಅವರೇ ಹೇಳಲಿ. ಉಪವಾಸ ಬೇಡವೆಂದರೆ ಮನಸ್ಸು ಕುಗ್ಗಿಸಿಕೊಳ್ಳಬೇಡಿ. ರೋಗಿಯು ಬೇರೆ ದಿನಗಳಲ್ಲಿ ಉಪವಾಸ ಪೂರೈಸಬಹುದೆಂದು ಸೂರಃ ಅಲ್‌ಬಕರದಲ್ಲಿ ಅಲ್ಲಾಹನೇ ರಿಯಾಯಿತಿ ನೀಡಿದ್ದಾನೆ. ಗುಣವಾಗದ ಕಾಯಿಲೆಯವರಿಗೆ ಫಿದ್ಯಾ ಇದೆ. ನಿಂತರೆ ತಲೆ ಸುತ್ತುವವರು ಕುಳಿತು ನಮಾಝ್ ಮಾಡಲಿ. ಸಫ್‌ನಲ್ಲಿ ಕುರ್ಚಿ ಹಾಕಿ ಕುಳಿತವರನ್ನು ಕಂಡು ನಾವು ಗುಸುಗುಸು ಮಾಡುವುದು ಬೇಡ.

ಎದೆನೋವು, ಪ್ರಜ್ಞೆ ತಪ್ಪುವುದು, ವಿಪರೀತ ಉಬ್ಬಸ, ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಮೆದುಳಿನ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಕಾಶ. ನಮ್ಮ ಘಾಟಿ ರಸ್ತೆಯೇ ಅದರಲ್ಲಿ ಅರ್ಧ ತಿನ್ನುತ್ತದೆ.

ಈ ದೇಹ ಅಲ್ಲಾಹನ ಅಮಾನತ್. ಅದನ್ನು ಜೋಪಾನ ಮಾಡುವ ತೌಫೀಕನ್ನೂ, ರೋಗಿಗಳಿಗೆ ಶಿಫಾವನ್ನೂ ಅವನು ಕರುಣಿಸಲಿ. ಆಮೀನ್.